ನೈರುತ್ಯದ ಹಲ್ಲಿ

ಟಕ್, ಟಕ್, ಟಕ್, ಟಕ್.

ವಡೋದರಾದ ಮಂಜಲ್‌ಪುರದಲ್ಲಿ ಮೂರನೇ ಮಹಡಿಯ ಆ ಮನೆಯಲ್ಲಿ ರಾತ್ರಿ ಒಂದೂವರೆಗೆ ಕೇಳಿಸಿದ್ದು ಇಷ್ಟೇ. ಇದಕ್ಕಿಂತ ದೊಡ್ಡ ಸಪ್ಪಳಕ್ಕೂ ಬೇರೆ ಮನೆಗಳಲ್ಲಿ ಜನ ಮಗ್ಗುಲು ಬದಲಿಸುವುದಿಲ್ಲ. ಆದರೆ ಒಳಕೋಣೆಯಿಂದ ಇಂದುಮತಿಯ ದನಿ ಬಂತು.

"ಏನ್ರೀ, ಏನದು ಸಪ್ಪಳ?"

ಸೋಫಾದ ಮೂಲೆಯಲ್ಲಿ ತಲೆತುಂಬ ಶಾಲು ಹೊದ್ದು, ಶಾಲಿನೊಳಗೆ ಫೋನು ಹಿಡಿದು ಕೂತಿದ್ದ ಜಯತೀರ್ಥರು ಬೆಚ್ಚಿಬಿದ್ದರು. ಬೆಚ್ಚಿದ ರಭಸಕ್ಕೆ ಹೆಬ್ಬೆರಳು ಫೋನಿನ ಮೇಲೆ ಎಲ್ಲೋ ಒತ್ತಿತು. ಎಲ್ಲಿ ಒತ್ತಿತೆಂದು ನೋಡುವ ವ್ಯವಧಾನ ಆಗ ಇರಲಿಲ್ಲ. ವಿಮಾ ಕಚೇರಿಯ ಕ್ಲೇಮು ವಿಭಾಗದಲ್ಲಿ ಮೂವತ್ನಾಲ್ಕು ವರ್ಷ ಬೇರೆಯವರ ಸುಳ್ಳು ಹಿಡಿದು ನಿವೃತ್ತರಾದ ಮನುಷ್ಯನಿಗೆ, ಸ್ವಂತಕ್ಕೊಂದು ಸುಳ್ಳು ಬೇಕಾದಾಗ ಎರಡೇ ಅಕ್ಷರ ಸಿಕ್ಕವು.

"ಹಲ್ಲಿ."

ಒಳಗೆ ಸ್ವಲ್ಪ ಹೊತ್ತು ಮಾತಿಲ್ಲ.

"ಯಾವ ದಿಕ್ಕಿನ್ಯಾಗ ನುಡೀತು?"

ಧಾರವಾಡದ ಕಡೆಯ ಮಾಧ್ವರ ಮನೆಯಲ್ಲಿ ಹಲ್ಲಿ ಸುಮ್ಮನೆ ಲೊಚಗುಟ್ಟುವಂತಿಲ್ಲ. ಅದು ನುಡಿದ ವಾರಕ್ಕೊಂದು, ದಿಕ್ಕಿಗೊಂದು ಫಲ ಉಂಟು. ಪಂಚಾಂಗದ ಹಿಂದಿನ ಪುಟಗಳಲ್ಲಿ ಅದಕ್ಕೊಂದು ಕೋಷ್ಟಕವೇ ಇದೆ. ಇಲಿ ಎಂದಿದ್ದರೆ ವಿಷಯ ಬೋನಿನಲ್ಲಿ ಮುಗಿಯುತ್ತಿತ್ತು ಎಂದು ಜಯತೀರ್ಥರಿಗೆ ಹೊಳೆದದ್ದು ತಡವಾಗಿ. ತಾವು ಕೂತ ಮೂಲೆ ನೈರುತ್ಯ. ಸುಳ್ಳಿಗೂ ಒಂದಿಷ್ಟು ಆಧಾರ ಇರಲೆಂದು ಅದನ್ನೇ ಹೇಳಿದರು.

"ಒಂದೂವರಿ, ಸೂರ್ಯ ಹುಟ್ಟಿಲ್ಲ ಅಂದ್ರ ಇನ್ನೂ ಸೋಮವಾರನ," ಎಂದಳು ಇಂದುಮತಿ. "ಆಮ್ಯಾಲೆ ಪಂಚಾಂಗ ನೋಡತೀನಿ. ಮಲಕೋರಿ."

ಆ ಹಲ್ಲಿಯ ನಿಜವಾದ ಹೆಸರು ನಾಗಿನ್. ಅಹಮದಾಬಾದಿನ ಹೊರಗೆ, ಹೆದ್ದಾರಿಯ ಪಕ್ಕದ ಒಂದು ಪಾರ್ಕಿನಲ್ಲಿರುವ ರೋಲರ್ ಕೋಸ್ಟರ್ ಅದು. ಅದರ ಬೋಗಿಗಳನ್ನು ಸರಪಳಿಯೊಂದು ಏರಿಯ ಮೇಲಕ್ಕೆ ಎಳೆಯುವಾಗ ಟಕ್ ಟಕ್ ಎನ್ನುತ್ತದೆ. ತುದಿ ಮುಟ್ಟಿದ ಮೇಲೆ ಒಂದು ಕ್ಷಣ ಏನೂ ಕೇಳಿಸುವುದಿಲ್ಲ. ಆಮೇಲೆ ವಿಡಿಯೋದಲ್ಲಿ ಒಂದು ಹುಡುಗಿ ನಗುತ್ತಾಳೆ. ಆ ನಗು ಬರುವ ತನಕ ಜಯತೀರ್ಥರು ದಿನಾ ರಾತ್ರಿ ಕಾಯುತ್ತಿದ್ದರು. ಅದು ಅವರ ಮಗಳು ವಿಂಧ್ಯಾಳ ನಗು.

ವಿಂಧ್ಯಾ ಮಕರಪುರದ ಒಂದು ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿದ್ದಳು. ಎರಡು ವರ್ಷದ ಹಿಂದೆ ಶ್ರಾವಣದಲ್ಲಿ ಡೆಂಗ್ಯೂ ಬಂದು ಆರನೇ ದಿನಕ್ಕೆ ಹೋಗಿಬಿಟ್ಟಳು. ಇಪ್ಪತ್ತಾರು ವರ್ಷ. ಅವಳ ಫೋನನ್ನು ಜಯತೀರ್ಥರು ಬಂದ್ ಮಾಡಿಸಲಿಲ್ಲ. ಅದರೊಳಗೆ ಅವರಿಗೆ ಸಿಕ್ಕಿದ್ದು 'ಹ್ಯಾಂಡ್ಸ್ ಅಪ್' ಎಂಬ ಹೆಸರಿನ ಅವಳ ಚಾನೆಲ್. ಎಲ್ಲವೂ ರೋಲರ್ ಕೋಸ್ಟರಿನ ವಿಡಿಯೋಗಳೇ. ಕ್ಯಾಮೆರಾ ಎದೆಗೆ ಕಟ್ಟಿಕೊಂಡದ್ದರಿಂದ ಅವಳ ಮುಖ ಒಂದರಲ್ಲೂ ಇಲ್ಲ. ಮುಂದೆ ಕಂಬಿ, ಮೇಲೆ ಆಕಾಶ, ತುದಿಯಲ್ಲಿ ಮೇಲೇಳುವ ಎರಡು ಕೈ, ಆ ನಗು. ಅಷ್ಟೇ.

ಜಯತೀರ್ಥರನ್ನು ಕಾಡಿದ್ದು ವಿಡಿಯೋಗಳ ತಾರೀಖು. ಎಲ್ಲ ಭಾನುವಾರಗಳು. ತಾಯಿ ಮಗಳು ಇಬ್ಬರೂ ಭಜನೆಗೆಂದು ಅಹಮದಾಬಾದಿನ ಮಠಕ್ಕೆ ಹೋಗುತ್ತಿದ್ದ ಭಾನುವಾರಗಳು. ಕ್ಲೇಮು ವಿಭಾಗದ ಬುದ್ಧಿ ನಡೆದದ್ದನ್ನು ಕೂಡಲೇ ಊಹಿಸಿತು: ಹುಡುಗಿ ತಾಯಿಯನ್ನು ಭಜನೆಯಲ್ಲಿ ಕೂಡಿಸಿ, ಹಿಂದಿನ ಬಾಗಿಲಿನಿಂದ ಪಾರ್ಕಿಗೆ ಓಡುತ್ತಿದ್ದಳು. ಇಂದುಮತಿಯೋ, ಮಾತಾಡಿಸಲು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತ ಬಂದಿದ್ದಳು: "ನಮ್ಮ ವಿಂಧ್ಯಾ ಭಾನುವಾರಕ್ಕೊಮ್ಮೆ ಭಜನ್ಯಾಗ ಕೂತಾಳ. ಆ ಪುಣ್ಯ ಎಲ್ಲಿ ಹೋಗತದ?" ಆ ಒಂದು ಮಾತಿನ ಮೇಲೆ ಹೆಂಡತಿ ಎರಡು ವರ್ಷ ನಿಂತಿದ್ದಾಳೆ, ಅದನ್ನು ಕಿತ್ತುಕೊಳ್ಳುವ ಕೆಲಸ ತಮ್ಮಿಂದ ಆಗಬಾರದೆಂದು ಜಯತೀರ್ಥರು ಶಾಲಿನೊಳಗೆ ಕೂತಿದ್ದರು.

ಬೆಳಗ್ಗೆ ಮಗಳ ಫೋನು ತೆಗೆದರೆ ಅನಾಹುತ ಕಾದಿತ್ತು. ರೋಹಿತ್ ಎಂಬ ಅಭಿಮಾನಿ ವಿಡಿಯೋದ ಕೆಳಗೆ ಹಿಂದಿಯಲ್ಲಿ ಬರೆದಿದ್ದ: "ದೀದಿ, ಎರಡು ವರ್ಷದಿಂದ ಎಲ್ಲಿದ್ದೀಯ? ಬರುವ ಭಾನುವಾರ ನಾಗಿನ್‌ಗೆ ಕೊನೆಯ ದಿನ. ಸೋಮವಾರ ಬಿಚ್ಚಿ ಗುಜರಿಗೆ ಹಾಕುತ್ತಾರೆ. ನಾವೆಲ್ಲ ಬರುತ್ತೇವೆ. ನೀನು?" ರಾತ್ರಿ ಬೆಚ್ಚಿದ ಹೆಬ್ಬೆರಳು ಅದರ ಪಕ್ಕದಲ್ಲೊಂದು ಕೆಂಪು ಹೃದಯ ಒತ್ತಿ ಬಂದಿತ್ತು. ಚಾನೆಲ್ಲಿನ ಒಡತಿಯ ಹೆಸರಿನ ಹೃದಯ. ಜಯತೀರ್ಥರು ಗಾಬರಿಯಲ್ಲಿ ಮತ್ತೆ ಒತ್ತಿದರು, ಹೃದಯ ಮಾಯವಾಯಿತು. ಮಗಳ ಹೃದಯವನ್ನು ತಾವೇ ಕಿತ್ತಂತಾಗಿ ಇನ್ನೊಮ್ಮೆ ಒತ್ತಿದರು, ಬಂತು. "ದೀದಿ ಎರಡೆರಡು ಸಲ ಹೂಂ ಅಂದಳು," ಎಂದು ರೋಹಿತ್ ಲೋಕಕ್ಕೆ ಸಾರಿದ. ಮಧ್ಯಾಹ್ನದೊಳಗೆ ನಲವತ್ತು ಜನ ಕುಣಿಯುತ್ತಿದ್ದರು. ಮನಸ್ವಿನಿ ಎಂಬ ಹುಡುಗಿ ಸೂರತ್‌ನಿಂದ ಬ್ಯಾನರ್ ಬರೆದು ತರುವುದಾಗಿ ತಿಳಿಸಿದಳು.

ನಿಜ ಬರೆದುಬಿಡೋಣವೆಂದು ಜಯತೀರ್ಥರು ಕೂತರು. "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಿಳಿಯಪಡಿಸುವುದೇನೆಂದರೆ, ಸದರಿ ವಿಂಧ್ಯಾ ಅವರು" ಎಂಬಲ್ಲಿಗೆ ಬಂದು ಕೈ ನಿಂತಿತು. ಸಾವಿರಾರು ಜನರ ಬಗ್ಗೆ ಆ ವಾಕ್ಯವನ್ನು ಪೂರ್ತಿ ಮಾಡಿದ ಕೈ. ಅಳಿಸಿದರು. ಖುದ್ದಾಗಿ ಹೋಗಿ ಹೇಳುವುದೇ ಸರಿ ಎಂದುಕೊಂಡರು. ಹೋಗುವುದಕ್ಕೊಂದು ನೆಪ ಬೇಕಿತ್ತು.

ಅಷ್ಟರಲ್ಲಿ ಹಲ್ಲಿ ಬೆಳೆದಿತ್ತು. ಎದುರು ಮನೆಯ ಭಾನುಬೆನ್ ನವಿಲುಗರಿಯೊಂದಿಗೆ ಬಂದಳು.

"ಜಯತೀರಥ್‌ಭಾಯಿ, ಇದನ್ನು ಗೋಡೆಗೆ ಸಿಕ್ಕಿಸಿ, ಗರೋಳಿ, ಅದೇ ನಿಮ್ಮ ಹಲ್ಲಿ, ಓಡಿಹೋಗುತ್ತೆ. ಕೆಲವರು ಮೊಟ್ಟೆ ಸಿಪ್ಪೆ ತೂಗುಹಾಕ್ತಾರೆ. ಆದರೆ ಮೊಟ್ಟೆಗಿಂತ ನಮಗೂ ನಿಮಗೂ ಹಲ್ಲಿಯೇ ವಾಸಿ."

ಸೊಸೈಟಿಯ ಕಾರ್ಯದರ್ಶಿ ಪಂಕಜ್‌ಭಾಯಿ ಇನ್ನೂ ದೂರ ಯೋಚಿಸಿದರು. ಒಂದು ಮನೆಗೆ ಹಲ್ಲಿ ಹೊಕ್ಕರೆ ಅದು ಇಡೀ ವಿಂಗಿನ ಪ್ರಶ್ನೆ ಎಂದು ಹೇಳಿ, ಗುರುವಾರ ಕೀಟನಾಶಕದವನನ್ನೇ ಕರೆತಂದರು. ಅವನು ಟಾರ್ಚು ಹಿಡಿದು ಫ್ರಿಜ್ಜಿನ ಹಿಂದೆ, ಕಪಾಟಿನ ಮೇಲೆ, ದೇವರ ಪಟಗಳ ಸಂದಿಯಲ್ಲಿ ಹುಡುಕಿದ. ಜಯತೀರ್ಥರು ಅವನಿಗಿಂತ ಹೆಚ್ಚು ಆಸ್ಥೆಯಿಂದ ಹುಡುಕಿದರು. ಒಂದು ಹಲ್ಲಿ ಸಿಕ್ಕಿದ್ದರೆ ಅವರಷ್ಟು ಸಂತೋಷಪಡುವವರು ವಡೋದರಾದಲ್ಲೇ ಇರಲಿಲ್ಲ.

"ಈ ಮನೆಯಲ್ಲಿ ಹಲ್ಲಿ ಇಲ್ಲ," ಎಂದು ಅವನು ತೀರ್ಪು ಕೊಟ್ಟ. "ಹಿಕ್ಕೆ ಇಲ್ಲ, ಮರಿ ಇಲ್ಲ. ಹಲ್ಲಿ ಇದ್ದಿದ್ದರೆ ಇಷ್ಟೊಂದು ಸೊಳ್ಳೆ ಇರ್ತಿರಲಿಲ್ಲ."

ಭಾನುಬೆನ್ ಸೆರಗಿನ ತುದಿ ಕಣ್ಣಿಗೊತ್ತಿಕೊಂಡಳು. ಪಂಕಜ್‌ಭಾಯಿ ನೆಲದ ಟೈಲ್ಸು ನೋಡಿದರು. ಇಂದುಮತಿ, "ಚಹಾ ಇಡತೀನಿ," ಎಂದು ಒಳಗೆ ಹೋದಳು. ತಾನೇನು ತಪ್ಪು ಹೇಳಿದೆನೆಂದು ತಿಳಿಯದ ಆ ಮನುಷ್ಯ ಒಬ್ಬೊಬ್ಬರ ಮುಖ ನೋಡಿ, ಕೊನೆಗೆ ಮೆಲ್ಲಗೆ, "ನಿಮಗೆ ಬೇಕೇ ಬೇಕಂದ್ರೆ ಇದೆ ಅಂತ ಬರೆದುಕೊಡ್ತೀನಿ," ಎಂದ.

ಸಂಜೆ ಇಂದುಮತಿ ಕನ್ನಡಕ ಹಾಕಿಕೊಂಡು ಪಂಚಾಂಗ ಬಿಚ್ಚಿದಳು. ಬೆರಳಿಟ್ಟು ಸಾಲು ಹುಡುಕಿ ಗಟ್ಟಿಯಾಗಿ ಓದಿದಳು.

"ಸೋಮವಾರ, ನೈರುತ್ಯ. ಬಂಧುದರ್ಶನ, ಉತ್ತರ ದಿಕ್ಕಿಗೆ ಪ್ರಯಾಣ."

ಜಯತೀರ್ಥರಿಗೆ ಇಲ್ಲದ ಹಲ್ಲಿಯ ಮೇಲೆ ಭಕ್ತಿ ಉಕ್ಕಿಬಂತು. ವಡೋದರಾದಿಂದ ಅಹಮದಾಬಾದ್ ಇರುವುದು ಉತ್ತರಕ್ಕೇ.

"ಭಾನುವಾರ ಏಕಾದಶಿ ಅದ," ಎಂದರು, ಆದಷ್ಟು ವೈರಾಗ್ಯದಿಂದ. "ಮಠಕ್ಕ ಹೋಗಿ ಬರಲೇನು?"

"ಹೋಗೂಣು."

"ನೀ ಯಾಕ? ಉಪವಾಸ ಬ್ಯಾರೆ. ದಣೀತಿ."

"ಹಲ್ಲಿ ಇಬ್ಬರಿಗೂ ಕೇಳಿಸೇದ," ಎಂದು ಇಂದುಮತಿ ಪಂಚಾಂಗ ಮುಚ್ಚಿದಳು.

ಅವಳ ತಮ್ಮ ಹಯವದನ ಸೂರತ್‌ನಲ್ಲಿ ಬ್ಯಾಂಕ್ ಮ್ಯಾನೇಜರ್. ಊರಿನಲ್ಲಿರುವ ನೆಂಟರ ತಲೆನೋವಿಗೂ ಫೋನಿನಲ್ಲೇ ಔಷಧ ಹೇಳುವವನು. ರಾತ್ರಿ ಅವನ ಕರೆ ಬಂತು. "ಭಾವಾ, ಹಲ್ಲಿ ವಿಷಯ ಅಕ್ಕ ಹೇಳಿದಳು. ಹಗರ ತಗೋಬ್ಯಾಡ್ರಿ. ನಾ ಭಾನುವಾರ ಫೋನ್ ಮಾಡತೀನಿ, ಮಠದಾಗ ಇರತೀರಲ್ಲ?" ಇರುತ್ತೇನೆಂದು ಜಯತೀರ್ಥರು ಹೇಳಬೇಕಾಯಿತು.

ಅವರ ಯೋಜನೆ ಸರಳವಾಗಿತ್ತು. ಹೆಂಡತಿಯನ್ನು ಭಜನೆಯಲ್ಲಿ ಕೂಡಿಸಿ, ಹಿಂದಿನ ಬಾಗಿಲಿನಿಂದ ಪಾರ್ಕಿಗೆ ಓಡುವುದು. ಮಗಳು ವರ್ಷಗಟ್ಟಲೆ ಮಾಡಿದ್ದನ್ನು ತಂದೆ ಒಂದು ದಿನ ಮಾಡಲಾರನೇ? ಭಾನುವಾರ ಸ್ನಾನ ಸಂಧ್ಯಾವಂದನೆ ಮುಗಿಸಿ, ಏಕಾದಶಿಯ ಮಠದ ಯಾತ್ರೆಗೆ ತಕ್ಕಂತೆ ತೋಳಿಗೆ, ಕೆನ್ನೆಗೆ ಗೋಪೀಚಂದನದ ಶಂಖ ಚಕ್ರಗಳ ಮುದ್ರೆ ಒತ್ತಿಕೊಂಡು, ಕಚ್ಚೆಪಂಚೆ, ಅರ್ಧ ತೋಳಿನ ಅಂಗಿ ತೊಟ್ಟು ರೈಲು ಹತ್ತಿದರು. ಹನ್ನೊಂದಕ್ಕೆ ಇಂದುಮತಿ ಮಠದ ಚಾಪೆಯ ಮೇಲೆ ಕೂತಿದ್ದಳು. "ನಮ್ಮ ಆಫೀಸಿನ ಹಳೇ ಮಂದಿ ಒಬ್ಬರು ಇಲ್ಲೇ ಇರತಾರ, ನೋಡಿ ಬರತೀನಿ," ಎಂದು ಜಯತೀರ್ಥರು ಹೊರಬಿದ್ದರು. ಅವಸರದಲ್ಲಿ ತಮ್ಮ ಫೋನನ್ನು ಅವಳ ಚೀಲದಲ್ಲೇ ಮರೆತರು.

ಪಾರ್ಕಿನ ಬಾಗಿಲಿನಲ್ಲಿ ಒಂದು ಪದ್ಧತಿಯಿದೆ. ಒಳಗಿದ್ದವರು ಹೊರಗೆ ಹೋಗಿ ಮರಳುವುದಾದರೆ ಮಣಿಕಟ್ಟಿನ ಮೇಲೆ ಮಸಿಯ ಸೀಲು ಒತ್ತಿ ಕಳಿಸುತ್ತಾರೆ. ಸೀಲು ತೋರಿಸಿದರೆ ಮತ್ತೆ ಒಳಗೆ. ಕಾವಲುಗಾರ ಜಯತೀರ್ಥರ ಮಣಿಕಟ್ಟು ತಿರುಗಿಸಿ ನೋಡಿದ. ಖಾಲಿ. ತೋಳು ನೋಡಿದ. ಕೆನ್ನೆ ನೋಡಿದ. ಇನ್ನೊಂದು ಕೆನ್ನೆ ನೋಡಿದ.

"ಕಾಕಾ, ಒಬ್ಬ ಮನುಷ್ಯ ಬೆಳಗ್ಗೆಯಿಂದ ಎಷ್ಟು ಸಲ ಹೊರಗೆ ಹೋಗಿ ಬರ್ತೀರಿ?"

ಮೇಲ್ವಿಚಾರಕನನ್ನು ಕರೆದರು. ಅವನು ಶಂಖದ ಹತ್ತಿರ ಕಣ್ಣಿಟ್ಟು ಪರೀಕ್ಷಿಸಿದ. "ಇದು ನಮ್ಮ ಸೀಲಲ್ಲ. ಕೆನ್ನೆಗೆ ಯಾವ ಕೌಂಟರಿನಲ್ಲಿ ಒತ್ತಿದರು?"

"ಯಾರೂ ಒತ್ತಿಲ್ಲ. ನಾನೇ ಮನೆಯಲ್ಲಿ ಒತ್ತಿಕೊಂಡದ್ದು," ಎಂದರು ಜಯತೀರ್ಥರು ತಮ್ಮ ಕಚೇರಿಯ ಹಿಂದಿಯಲ್ಲಿ.

ಮೇಲ್ವಿಚಾರಕ ಕಾವಲುಗಾರನ ಮುಖ ನೋಡಿದ. "ಮನೆಯಲ್ಲಿ ಸೀಲು ಇಟ್ಟುಕೊಂಡಿದ್ದೀರಾ? ಎಷ್ಟು ದಿನದಿಂದ ನಡೀತಿದೆ ಇದು?"

"ಉಪನಯನವಾದಾಗಿನಿಂದ."

ಖೋಟಾ ಮುದ್ರೆಯ ವಿಚಾರಣೆ ಅರ್ಧ ಗಂಟೆ ನಡೆಯಿತು. ಶಂಖ ಯಾವುದು, ಚಕ್ರ ಯಾವುದು, ಪ್ರತಿಯೊಂದು ಯಾವ ಅಂಗಕ್ಕೆ ಸಲ್ಲುತ್ತದೆ ಎಂದು ಜಯತೀರ್ಥರು ಬಿಡಿಸಿ ಹೇಳಿದರು. ಹಿಂದಿನ ಸಾಲು ಹೆದ್ದಾರಿ ಮುಟ್ಟಿತು. ಕೊನೆಗೆ ಬೆವರು ಒರೆಸಲು ಹೆಗಲ ಮೇಲಿನ ವಲ್ಲಿ ಜಾಡಿಸಿದಾಗ, ಕೌಂಟರಿನಲ್ಲಿ ಕೊಂಡು ಮರೆತಿದ್ದ ಟಿಕೀಟು ಕೆಳಗೆ ಬಿತ್ತು.

ನಾಗಿನ್‌ನ ಹತ್ತಿರ ಐದಾರು ಹುಡುಗ ಹುಡುಗಿಯರು ತಲೆ ತಗ್ಗಿಸಿ ನಿಂತಿದ್ದರು. ಬ್ಯಾನರನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ ಹುಡುಗಿಯ ಕಣ್ಣು ಕೆಂಪಗಿತ್ತು; ಮನಸ್ವಿನಿ ಅವಳೇ ಇರಬೇಕು. ಅವಳ ಬೆನ್ನು ಸವರುತ್ತ ನಿಂತವಳು ಇಂದುಮತಿ.

ಜಯತೀರ್ಥರ ಕಾಲು ಅಲ್ಲೇ ಊರಿತು. "ನೀ ಇಲ್ಲೆ?"

"ಫೋನ್ ಮರತು ಬಂದಿದ್ರಿ. ಕೊಡಲಿಕ್ಕೆ ಹಿಂದಿನ ಗೇಟಿನಿಂದ ಬಂದೆ."

ಒಬ್ಬ ಉದ್ದನೆಯ ಹುಡುಗ ಬಂದು ಅವರ ಕಾಲು ಮುಟ್ಟಿದ. "ಅಂಕಲ್, ನಾನು ರೋಹಿತ್. ದೀದಿ ವಿಷಯ ಆಂಟಿ ಹೇಳಿದರು. ನಮಗೆ ಗೊತ್ತಿರಲಿಲ್ಲ. ನಾನು ದಿನಾ ಬಾ, ಬಾ ಅಂತ ಬರೀತಿದ್ದೆ."

ಹುಡುಗರು ಎಲ್ಲ ಹೇಳಿಬಿಟ್ಟಿದ್ದಾರೆ, ಭಜನೆಯ ಪುಣ್ಯ ಅಷ್ಟೂ ಈ ಬಿಸಿಲಿನಲ್ಲಿ ಕರಗಿಹೋಯಿತು ಎಂದು ಜಯತೀರ್ಥರಿಗೆ ಖಾತ್ರಿಯಾಯಿತು. ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಇಂದುಮತಿಯ ಕೈಯಲ್ಲಿದ್ದ ಫೋನು ಬಡಿದುಕೊಂಡಿತು. ಹಯವದನ. ತಲೆಯ ಮೇಲಿನಿಂದ ಒಂದು ಬೋಗಿಸಾಲು ಚೀರುತ್ತ ಹಾದುಹೋಯಿತು.

"ಭಾವಾ, ಮಠದಾಗ ಇದ್ದೀರೇನು? ಏನದು ಕಿರಚಾಟ?"

"ಭಜನಿ."

"ಇಷ್ಟು ಜೋರು?"

"ಏಕಾದಶಿ ಅಲ್ಲ, ಮಂದಿ ಭಾಳ ಕೂಡ್ಯಾರ."

ಫೋನು ಇಟ್ಟು ಹೆಂಡತಿಯ ಕಡೆ ತಿರುಗಿದರು. "ಇಂದೂ, ವಿಂಧ್ಯಾ ಭಾನುವಾರ ಇಲ್ಲಿಗೆ..."

"ಮೊದಲ ಪಾಳಿಗೆ ನಿಂದರ್ರಿ," ಎಂದಳು ಇಂದುಮತಿ. "ನಡುವಿನ ಬೋಗಿ ಹಿಡೀರಿ. ಹಿಂದಿಂದು ಕುತ್ತಿಗಿ ಎಳೀತದ."

ಜಯತೀರ್ಥರು ಆಯುಷ್ಯದಲ್ಲಿ ಜಾತ್ರೆಯ ತೊಟ್ಟಿಲನ್ನೂ ಏರಿದವರಲ್ಲ. ಅಪಘಾತಗಳ ಕಡತ ಓದಿ ಓದಿ, ಲಿಫ್ಟಿನಲ್ಲಿ ಕೂಡ ಬಾಗಿಲ ಪಕ್ಕವೇ ನಿಲ್ಲುವವರು. ಅಲ್ಲಿದ್ದ ನಿಯಮಗಳ ಫಲಕವನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಇದರ ಕಳೆದ ತಪಾಸಣೆ ಯಾವಾಗ ಆಯಿತು, ಸಹಿ ಯಾರದ್ದು ಎಂದು ಯಂತ್ರ ನಡೆಸುವವನನ್ನು ವಿಚಾರಿಸಿದರು.

"ಕಾಕಾ, ನಾಳೆ ಇದನ್ನೇ ಬಿಚ್ತಾರೆ," ಎಂದ ಅವನು. "ಇವತ್ತು ತಿಳಕೊಂಡು ಏನು ಮಾಡ್ತೀರಿ?"

ಇಂದುಮತಿ ಅಷ್ಟರಲ್ಲಿ ಚಪ್ಪಲಿ ಬಿಟ್ಟು ಬದಿಗೆ ಸರಿಸಿ, ಕನ್ನಡಕ ಚೀಲಕ್ಕೆ ಹಾಕಿ, ಮಂಗಳಸೂತ್ರ ರವಿಕೆಯೊಳಗೆ ಸೇರಿಸಿ, ಸೆರಗು ಬಿಗಿದು ಕೂತಾಗಿತ್ತು. ಅಡ್ಡಸರಳನ್ನು ಯಾರೂ ಹೇಳುವ ಮೊದಲೇ ಕೆಳಗೆಳೆದು ಲಟಕ್ಕೆನ್ನಿಸಿದಳು. ಹೆಂಗಸರಿಗೆ ಎಲ್ಲದರಲ್ಲೂ ಎಂಥ ಅಚ್ಚುಕಟ್ಟು ಎಂದುಕೊಂಡರು ಜಯತೀರ್ಥರು. ಹುಡುಗರು ಮುಂದಿನ ಬೋಗಿಯಲ್ಲಿ ಒಂದು ಸೀಟು ಖಾಲಿ ಬಿಟ್ಟು ಕೂತರು. ಯಂತ್ರದವನು ಗೊಣಗುತ್ತ ಬಂದು ಆ ಖಾಲಿ ಸೀಟಿಗೂ ಸರಳು ಬಿಗಿದು ಹೋದ. ನಿಯಮ.

ಟಕ್, ಟಕ್, ಟಕ್, ಟಕ್.

ರಾತ್ರಿಗಟ್ಟಲೆ ಕೇಳಿದ ಸದ್ದು ಈಗ ಬೆನ್ನುಮೂಳೆಯಲ್ಲಿ ಹತ್ತುತ್ತಿತ್ತು. "ಕಣ್ಣು ಮುಚ್ಚಬ್ಯಾಡ್ರಿ," ಎಂದಳು ಇಂದುಮತಿ. ಜಯತೀರ್ಥರು ಮುಚ್ಚಿದರು. ಟಕ್ ಟಕ್ ನಿಂತಿತು. ತುದಿ ಬಂದಿರಬೇಕು. ಆ ನಿಶ್ಶಬ್ದವನ್ನು ಅವರು ಬಲ್ಲರು. ಅದು ಮುಗಿಯುವ ಜಾಗದಲ್ಲಿ ಏನು ಬರುತ್ತದೆಂಬುದನ್ನೂ ಬಲ್ಲರು. ಇಲ್ಲಿ ಬರುವುದಿಲ್ಲವೆಂದು ಹಲ್ಲು ಕಚ್ಚಿ ಕಾದರು.

ನಗು ಬಂತು. ತೀರಾ ಹತ್ತಿರ, ಕಿವಿಯ ಪಕ್ಕದಲ್ಲೇ. ಜೇಬಿನಲ್ಲಿದ್ದ ಮಗಳ ಫೋನು ತಾನಾಗಿ ಹೇಗೆ ಹೊತ್ತಿಕೊಂಡಿತು ಎಂದು ಯೋಚಿಸುವಷ್ಟರಲ್ಲಿ ಭೂಮಿ ಕೆಳಗಿನಿಂದ ಜಾರಿತು. ಅಲ್ಲಿಂದ ಮುಂದೆ ಅವರು ನರಸಿಂಹ ದೇವರನ್ನು ಕರೆದ ರೀತಿಗೆ ಮುಂದಿನ ಬೋಗಿಯವರೂ ತಿರುಗಿ ನೋಡಿದರಂತೆ.

ಇಳಿದ ಮೇಲೆ ಇಂದುಮತಿ ಮುಖ ತೊಳೆಯಲು ನಲ್ಲಿಯ ಕಡೆ ಹೋದಳು. ಹೊರದಾರಿಯಲ್ಲೊಂದು ಫೋಟೋ ಕೌಂಟರ್ ಇತ್ತು. ಬೋಗಿ ಬೀಳುವ ಕ್ಷಣದಲ್ಲಿ ಕ್ಯಾಮೆರಾ ತಾನಾಗಿ ತೆಗೆದ ಚಿತ್ರಗಳು ಅಲ್ಲಿ ಪರದೆಯ ಮೇಲೆ ಬರುತ್ತಿದ್ದವು. ಜಯತೀರ್ಥರು ಕಂಬ ಹಿಡಿದು ನಿಂತು ನೋಡಿದರು. ಕಣ್ಣು ಬಿಗಿದುಕೊಂಡ, ಕೆನ್ನೆಯ ಮೇಲೆ ಶಂಖ ಹೊತ್ತ ಒಬ್ಬ ಮುದುಕ ಪಕ್ಕದವಳ ಸೆರಗನ್ನು ಎರಡೂ ಕೈಯಿಂದ ಹಿಡಿದಿದ್ದಾನೆ. ಪಕ್ಕದವಳ ಕೈ ಎರಡೂ ಮೇಲೆ, ನೆಟ್ಟಗೆ, ಬೆರಳು ಬಿಡಿಸಿಕೊಂಡು. ಬಾಯಿ ತೆರೆದು ನಗುತ್ತಿದ್ದಾಳೆ. ಕೆನ್ನೆಯ ಮೇಲಿನ ನೀರು ಗಾಳಿಗೆ ಕಿವಿಯ ಕಡೆ ಹರಿದಿದೆ.

ಕೌಂಟರಿನಲ್ಲಿದ್ದ ನರೆಗೂದಲಿನ ಮನುಷ್ಯನೂ ಪರದೆ ನೋಡಿದ.

"ಈ ಬೆನ್ ತುಂಬಾ ದಿನ ಆದಮೇಲೆ ಬಂದರು," ಎಂದ. "ಮೊದಲೆಲ್ಲ ಭಾನುವಾರ ಒಬ್ಬ ಹುಡುಗಿ ಜೊತೆ ಬರ್ತಿದ್ದರು. ಮಗಳಿರಬೇಕು, ನಗು ಒಂದೇ ಥರ. ಯಾವಾಗಲೂ ನಡುವಿನ ಬೋಗಿ, ಇಬ್ಬರದೂ ಕೈ ಮೇಲೆ." ಆಮೇಲೆ ಶಂಖದ ಕೆನ್ನೆಯನ್ನು ಪರದೆಯಲ್ಲೊಮ್ಮೆ, ಎದುರಿಗೊಮ್ಮೆ ನೋಡಿ ಕೇಳಿದ, "ನೀವು ಯಾರು?"

ಜಯತೀರ್ಥರು ಯೋಚಿಸಿದರು. ಇಷ್ಟು ಕಷ್ಟದ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ.

"ನಾನು ಭಾನುವಾರ ಮನೆಯಲ್ಲಿ ಇರುತ್ತಿದ್ದವನು," ಎಂದರು.

ಆ ಮನುಷ್ಯ ಚಿತ್ರವನ್ನು ಅಚ್ಚು ಹಾಕಿ ಲಕೋಟೆಯಲ್ಲಿ ಕೊಟ್ಟ. ಅವರು ಅದನ್ನು ಅಂಗಿಯೊಳಗೆ ಇಟ್ಟುಕೊಂಡರು.

ಮರಳುವ ರೈಲಿನಲ್ಲಿ, ಅವಳೇ ಹೇಳುತ್ತಾಳೆಂದು ಆಣಂದ್ ದಾಟುವ ತನಕ ಕಾದರು. ಇಂದುಮತಿ ಕಿಟಕಿಯ ಹೊರಗೆ ನೋಡುತ್ತ, "ನಾಳೆ ದ್ವಾದಶಿ ಪಾರಣಿ ಲಗೂನ ಆಗಬೇಕು. ಹೆಸರಬ್ಯಾಳಿ ನೆನಿ ಹಾಕಬೇಕು, ನೆನಪು ಮಾಡ್ರಿ," ಎಂದಳಷ್ಟೇ. ಅವರು ಆಗಲಿ ಎಂದರು.

ಬೆಳಗ್ಗೆ ಪಾರಣೆ ಮುಗಿದ ಹೊತ್ತಿಗೆ ಭಾನುಬೆನ್ ಬಾಗಿಲಿಗೆ ಬಂದಳು. "ಮಠ ಹೇಗಿತ್ತು? ಪ್ರಸಾದ ಎಲ್ಲಿ?"

"ಏಕಾದಶಿ ದಿನ ಮಠದಲ್ಲಿ ಪ್ರಸಾದ ಇರೋದಿಲ್ಲ, ಭಾನುಬೆನ್," ಎಂದಳು ಇಂದುಮತಿ ಹಿಂದಿಯಲ್ಲಿ. ಅವಳ ದನಿ ಎಲ್ಲೂ ತಡವರಿಸಲಿಲ್ಲ. "ಭಜನೆ ಚೆನ್ನಾಗಿತ್ತು. ನಮ್ಮ ವಿಂಧ್ಯಾಗೆ ಬಹಳ ಸೇರ್ತಿತ್ತು."

ಒಳಗೆ ಜಯತೀರ್ಥರು ಪಂಚಾಂಗದ ಹಿಂದಿನ ಪುಟ ತೆಗೆದು ಕೂತಿದ್ದರು. ಸೋಮವಾರದ ಸಾಲಿನಲ್ಲಿ ಬೆರಳಿಟ್ಟು ನೈರುತ್ಯದವರೆಗೆ ಸರಿಸಿದರು. ಅಲ್ಲಿದ್ದದ್ದು 'ವಸ್ತ್ರಲಾಭ'. ಮಂಗಳವಾರ ನೋಡಿದರು, ಬುಧವಾರ ನೋಡಿದರು. ಎಂಟು ದಿಕ್ಕು, ಏಳು ವಾರ ಹುಡುಕಿದರೂ ಆ ಪುಟದಲ್ಲಿ ಪ್ರಯಾಣವೆಂಬುದು ಎಲ್ಲಿಯೂ ಇರಲಿಲ್ಲ.

"ಮತ್ತೆ ನಿಮ್ಮ ಗರೋಳಿ?" ಹೊರಗೆ ಭಾನುಬೆನ್ ಕೇಳುತ್ತಿದ್ದಳು. "ಹೋಯ್ತಾ, ಇದೆಯಾ?"

ಹೋದ ಸೋಮವಾರ ರಾತ್ರಿ ಆ ಟಕ್ ಟಕ್ ಕೇಳಿಸಿ, ತಾವು ಹಲ್ಲಿ ಎಂದ ಮೇಲೆ ಒಳಕೋಣೆಯಲ್ಲಿ ಸ್ವಲ್ಪ ಹೊತ್ತು ಮಾತಿಲ್ಲದೆ ಹೋದದ್ದು ಜಯತೀರ್ಥರಿಗೆ ಈಗ ನೆನಪಾಯಿತು.

"ಇದೆ," ಎಂದಳು ಇಂದುಮತಿ. "ಇರಲಿ ಬಿಡಿ. ಪಾಪ, ಅದು ಯಾರಿಗೂ ಏನೂ ಮಾಡೋದಿಲ್ಲ."

ಜಯತೀರ್ಥರು ಲಕೋಟೆಯನ್ನು ನೈರುತ್ಯದ ಪುಟದಲ್ಲಿಟ್ಟು ಪಂಚಾಂಗ ಮುಚ್ಚಿದರು. ತಮಗೆ ತಿಳಿದದ್ದನ್ನು ಹಯವದನನಿಗಾಗಲಿ, ಪಂಕಜ್‌ಭಾಯಿಗಾಗಲಿ ಹೇಳುವ ಪ್ರಶ್ನೆಯೇ ಇರಲಿಲ್ಲ. ಇಂದುಮತಿಗೂ ಹೇಳಬಾರದು ಎಂದು ನಿಶ್ಚಯಿಸಿ, ಎದ್ದು ಪಂಚಾಂಗವನ್ನು ಅವಳಿಗೆ ಕೈಗೆಟುಕುವ ಗೂಡಿನಲ್ಲೇ ಇಟ್ಟರು.